ಫೋನಿನಿಂದ ನಡೆಸುವ ಟೆಲಿಸ್ಕೋಪ್: ಮಗಳಿಗೆ ಶನಿ ತೋರಿಸಬೇಕು, ಯಾವುದು ತಗೊಳ್ಳಲಿ?

ಚುಕ್ಕಿಅಮ್ಮ:

ನಮಸ್ಕಾರ. ಮಗಳಿಗೆ ಹತ್ತು ವರ್ಷ. ಶನಿಯ ಉಂಗುರ ಕಣ್ಣಾರೆ ನೋಡಬೇಕು ಅಂತ ಪ್ರಾಣ ತಿನ್ನುತ್ತಿದ್ದಾಳೆ. ಹೋದ ವರ್ಷ ಒಂದು ಪುಟ್ಟ ಟೆಲಿಸ್ಕೋಪ್ ತಂದಿದ್ದೆ. 60 ಮಿ.ಮೀ.ದು. ಡಬ್ಬದ ಮೇಲೆ '675 ಪಟ್ಟು' ಅಂತ ದೊಡ್ಡದಾಗಿ ಬರೆದಿತ್ತು. ಚಂದ್ರ ಬಿಟ್ಟು ಬೇರೇನೂ ಸಿಗಲಿಲ್ಲ. ಆ ಚಂದ್ರನೂ ಅಷ್ಟೇ, ಸ್ಟ್ಯಾಂಡ್ ಮುಟ್ಟಿದರೆ ಸಾಕು, ಕುಣಿಯುತ್ತಿದ್ದ. ಮೂರನೇ ರಾತ್ರಿಗೆ ಅದು ಅಟ್ಟ ಸೇರಿತು.

ನನಗೂ ಆಕಾಶ ಗೊತ್ತಿಲ್ಲ. ಸಪ್ತರ್ಷಿ ಮಂಡಲ ಗುರುತಿಸುತ್ತೇನೆ, ಅಲ್ಲಿಗೆ ನನ್ನ ಜ್ಞಾನ ಮುಗಿಯಿತು. ಅದಕ್ಕೇ ಈ ಸಲ ಫೋನಿನ ಸಹಾಯ ಇರುವುದನ್ನೇ ಹುಡುಕುತ್ತಿದ್ದೇನೆ. ಸೆಲೆಸ್ಟ್ರಾನ್ ಸ್ಟಾರ್‌ಸೆನ್ಸ್ ಎಕ್ಸ್‌ಪ್ಲೋರರ್, ಸ್ಕೈವಾಚರ್ ವರ್ಚುವೋಸೋ ಜಿಟಿಐ, ಸೀಸ್ಟಾರ್ ಎಸ್50 ಅಂತ ಮೂರು ಹೆಸರು ಮತ್ತೆ ಮತ್ತೆ ಬರುತ್ತಿವೆ. ಮೂರಕ್ಕೂ ಆ್ಯಪ್ ಇದೆ. ಹಾಗಾದರೆ ವ್ಯತ್ಯಾಸ ಏನು? ನಾವು ನೋಡುವುದು ಮನೆಯ ತಾರಸಿಯಿಂದ. ಸುತ್ತ ಬೀದಿದೀಪ. ದಯವಿಟ್ಟು ಬಿಡಿಸಿ ಹೇಳಿ.

ಹಳೇ ದುರ್ಬೀನು:

ಮೇಡಂ, ಮೊದಲು ಆ 675ರ ಲೆಕ್ಕ ತೀರಿಸಿಬಿಡೋಣ. ಟೆಲಿಸ್ಕೋಪಿನ ಬಾಯಿ ಎಷ್ಟು ಮಿಲಿಮೀಟರ್ ಅಗಲ ಇದೆಯೋ ಅದರ ಎರಡರಷ್ಟು ಪಟ್ಟಿನವರೆಗೆ ಹಿಗ್ಗಿಸಬಹುದು. ಆಮೇಲೆ ಹಿಗ್ಗುವುದು ಬರೀ ಮಸುಕು. ನಿಮ್ಮ 60 ಮಿ.ಮೀ.ಗೆ 120 ಪಟ್ಟು ಅಂದರೆ ಅದೇ ಮೇಲ್ಮಿತಿ. ಶನಿಯ ಉಂಗುರಕ್ಕೆ 50 ಪಟ್ಟು ಧಾರಾಳ ಸಾಕು. ಹಾಗಾಗಿ ಅದರ ಗಾಜು ಅಷ್ಟೇನೂ ಕೆಟ್ಟದ್ದಲ್ಲದೆ ಇರಬಹುದು. ಕೆಟ್ಟದ್ದು ಅದರ ಕಾಲು. ಅದನ್ನು ಬಿಸಾಡಬೇಡಿ, ಕೊನೆಗೆ ಹೇಳುತ್ತೇನೆ.

ಇನ್ನು ನೀವು ಹೇಳಿದ ಮೂರು. ಮೂರರಲ್ಲೂ ಫೋನಿನ ಕೆಲಸ ಬೇರೆ ಬೇರೆ. ಸ್ಟಾರ್‌ಸೆನ್ಸ್‌ನಲ್ಲಿ ಫೋನು ದಾರಿ ಹೇಳುತ್ತದೆ, ತಿರುಗಿಸುವುದು ನಿಮ್ಮ ಕೈ. ವರ್ಚುವೋಸೋದಲ್ಲಿ ಮೋಟಾರು ತಿರುಗಿಸುತ್ತದೆ, ಫೋನು ಅದಕ್ಕೆ ರಿಮೋಟು. ಸೀಸ್ಟಾರ್‌ನಲ್ಲಿ ಕಣ್ಣಿಟ್ಟು ನೋಡುವ ಜಾಗವೇ ಇಲ್ಲ. ಒಳಗೆ ಕ್ಯಾಮೆರಾ, ನೀವು ನೋಡುವುದು ಫೋನಿನ ಪರದೆ.

ನನ್ನದು ಸ್ಟಾರ್‌ಸೆನ್ಸ್ ಡಿಎಕ್ಸ್ 130. ಫೋನನ್ನು ಒಂದು ತೊಟ್ಟಿಲಲ್ಲಿ ಕೂರಿಸುತ್ತೇವೆ. ಕ್ಯಾಮೆರಾ ಎದುರಿಗೆ ಓರೆಯಾಗಿ ಪುಟ್ಟ ಕನ್ನಡಿ. ಅದರಲ್ಲಿ ಕಾಣುವ ಆಕಾಶದ ಫೋಟೋ ತೆಗೆದು, ನಕ್ಷತ್ರಗಳ ಜೋಡಣೆ ನೋಡಿ, 'ಈಗ ನೀವು ಇಲ್ಲಿದ್ದೀರಿ' ಅಂತ ಆ್ಯಪ್ ಕಂಡುಹಿಡಿಯುತ್ತದೆ. ಶನಿ ಬೇಕು ಅಂದರೆ ಪರದೆಯ ಮೇಲೆ ಬಾಣದ ಗುರುತು. ಬಾಣ ಹೇಳಿದ ಕಡೆ ಮೆಲ್ಲಗೆ ತಳ್ಳುತ್ತಾ ಹೋಗಬೇಕು. ಸರಿಯಾದ ಜಾಗ ಬಂದಾಗ ಪರದೆಯ ವೃತ್ತ ಹಸಿರಾಗುತ್ತದೆ.

'ಫೋನಿನಲ್ಲಿ ದಿಕ್ಸೂಚಿ ಇದೆಯಲ್ಲ, ಸುಮ್ನೆ ಟೆಲಿಸ್ಕೋಪಿಗೆ ಕಟ್ಟಿದರೆ ಆಗಲ್ವಾ' ಅಂತ ನಾನೂ ಕೇಳಿದ್ದೆ. ಕಟ್ಟಿಯೂ ನೋಡಿದೆ. ಆಗಲ್ಲ. ಆ ದಿಕ್ಸೂಚಿ ಕೆಲವು ಡಿಗ್ರಿ ಆಚೀಚೆ ಹೋಗುವುದು ಮಾಮೂಲು, ಹತ್ತಿರ ಕಬ್ಬಿಣ ಇದ್ದರಂತೂ ಕೇಳಲೇಬೇಡಿ. ಈ ಟೆಲಿಸ್ಕೋಪಿನಲ್ಲಿ 26 ಪಟ್ಟಿಗೆ ಇಟ್ಟಾಗ ಕಾಣುವ ಆಕಾಶವೇ ಸುಮಾರು ಎರಡು ಡಿಗ್ರಿ. ಅದಕ್ಕೇ ದಿಕ್ಸೂಚಿ ಬಿಟ್ಟು ನಕ್ಷತ್ರಗಳನ್ನೇ ಕೇಳುವುದು.

ಬೀದಿದೀಪದ ಚಿಂತೆ ಶನಿ, ಗುರು, ಚಂದ್ರರಿಗೆ ಬೇಡ. ಅವರು ಸಾಕಷ್ಟು ಹೊಳೆಯುತ್ತಾರೆ. ಪೆಟ್ಟು ಬೀಳುವುದು ನೀಹಾರಿಕೆ (ಆಕಾಶದಲ್ಲಿನ ಅನಿಲ, ಧೂಳಿನ ಮೋಡ), ಗ್ಯಾಲಕ್ಸಿಗಳಿಗೆ. ಮಹಾವ್ಯಾಧನ ನೀಹಾರಿಕೆ ನಿಮ್ಮ ತಾರಸಿಯಿಂದ ಬೂದಿ ಬಣ್ಣದ ಹೊಗೆಯ ಹಾಗೆ ಕಾಣಬಹುದು. ಫೋಟೋದಲ್ಲಿರುವ ಗುಲಾಬಿ ಬಣ್ಣ ಕಣ್ಣಿಗೆ ಬರುವುದಿಲ್ಲ. ಅಷ್ಟು ಮಂದ ಬೆಳಕಲ್ಲಿ ನಮ್ಮ ಕಣ್ಣಿನ ಬಣ್ಣ ಹಿಡಿಯುವ ಭಾಗ ಕೆಲಸ ಮಾಡುವುದಿಲ್ಲ. ಇದನ್ನು ಮಗಳಿಗೆ ಮೊದಲೇ ಹೇಳಿಡಿ. ನನ್ನ ಮಗನಿಗೆ ಹೇಳಿರಲಿಲ್ಲ. 'ಲೆನ್ಸ್ ಒರೆಸು ಅಪ್ಪ' ಅಂದ.

ನನ್ನ ಓಟು ಮೊದಲನೆಯದಕ್ಕೆ. ಕಾರಣ ಒಂದೇ. ನಾಳೆ ಆ ಆ್ಯಪ್ ನಿಂತುಹೋದರೂ ನಿಮ್ಮ ಕೈಯಲ್ಲಿ ಒಂದು ಪೂರ್ತಿ ಟೆಲಿಸ್ಕೋಪ್ ಇರುತ್ತದೆ. ತಳ್ಳಿ ತಳ್ಳಿ ಮಗಳಿಗೆ ಆಕಾಶದ ದಾರಿಯೂ ಬಾಯಿಪಾಠ ಆಗಿರುತ್ತದೆ.

ಈಗ ಅಟ್ಟದ ಮೇಲಿನದು. ಇಳಿಸಿ. ಅದರ ಜೊತೆ ಬಂದ ಐಪೀಸ್‌ಗಳಲ್ಲಿ, ಅಂದರೆ ಕಣ್ಣಿಡುವ ಕಡೆ ಸಿಕ್ಕಿಸುವ ಪುಟ್ಟ ಮಸೂರಗಳಲ್ಲಿ, ದೊಡ್ಡ ಸಂಖ್ಯೆಯದನ್ನು, 20 ಅಥವಾ 25 ಅಂತ ಬರೆದಿರುವುದನ್ನು ಹಾಕಿ. ಸ್ಟ್ಯಾಂಡಿನ ಕಾಲು ಉದ್ದ ಮಾಡಲೇಬೇಡಿ. ನಡುವೆ ಕಲ್ಲು ತುಂಬಿದ ಚೀಲ ತೂಗುಹಾಕಿ. ನೆಲದ ಮೇಲೆ ಕೂತು ನೋಡಿ. ಹೊಸದು ತರುವ ಮುಂಚೆ ಒಂದು ಸಲ.

ಮಂಡಿನೋವು:

ದುರ್ಬೀನು ಸರ್ ಹೇಳಿದ್ದೆಲ್ಲ ಸರಿ, ಆದರೆ ಸೀಸ್ಟಾರ್ ಅನ್ನು ಮೂರೇ ಸಾಲಿನಲ್ಲಿ ಮುಗಿಸಿದ್ದು ಸರಿಯಿಲ್ಲ. ನನಗೆ ಬಗ್ಗಿ ಐಪೀಸ್ ನೋಡಲು ಮಂಡಿ, ಬೆನ್ನು ಎರಡೂ ಬಿಡುವುದಿಲ್ಲ. ಎಸ್50 ಸುಮಾರು ಎರಡೂವರೆ ಕಿಲೋ. ಒಂದೇ ಕೈಯಲ್ಲಿ ತಾರಸಿಗೆ ಒಯ್ಯುತ್ತೇನೆ. ಓರೆಯಾಗದ ಹಾಗೆ ಮಟ್ಟ ಮಾಡಿ, ಗುಂಡಿ ಒತ್ತಿ, ಕುರ್ಚಿಯಲ್ಲಿ ಕೂರುತ್ತೇನೆ. ಯಂತ್ರ ತಾನೇ ಆಕಾಶ ಗುರುತಿಸಿಕೊಂಡು ತಿರುಗುತ್ತದೆ. 10 ಸೆಕೆಂಡಿನ ಫೋಟೋಗಳನ್ನು ಒಂದರ ಮೇಲೊಂದು ಪೇರಿಸುತ್ತಾ ಹೋಗುತ್ತದೆ. ಮೊದಲು ಬರೀ ಕಾಳು ಕಾಳು. ಹತ್ತು ನಿಮಿಷಕ್ಕೆ ನೀಹಾರಿಕೆ ಮೆಲ್ಲಗೆ ಎದ್ದು ಬರುತ್ತದೆ, ಬಣ್ಣದ ಸಮೇತ. ಬೀದಿದೀಪದ ಕೆಳಗೆ ಕೂತು ಇದನ್ನು ನೋಡುವ ಖುಷಿ ಏನು ಕಡಿಮೆಯೇ?

ಆದರೆ ಮೇಡಂ, ನೀವು ಕೇಳಿದ್ದು ಶನಿ. ನಿಜ ಹೇಳಿಬಿಡುತ್ತೇನೆ. ಎಸ್50ರ ಬಾಯಿ 50 ಮಿ.ಮೀ., ಫೋಕಲ್ ಲೆಂತ್ (ಮಸೂರದಿಂದ ಚಿತ್ರ ಮೂಡುವ ಜಾಗಕ್ಕೆ ಇರುವ ದೂರ) 250 ಮಿ.ಮೀ. ಶನಿಯ ಉಂಗುರದ ಈ ತುದಿಯಿಂದ ಆ ತುದಿಗೆ ಹದಿನೇಳು ಹದಿನೆಂಟು ಪಿಕ್ಸೆಲ್ ಬಿದ್ದರೆ ಜಾಸ್ತಿ. ಪರದೆಯಲ್ಲಿ ಎಳ್ಳಿನಷ್ಟು. ಮಗು ಮುಖ ಸಣ್ಣ ಮಾಡುತ್ತದೆ. ಗ್ರಹಕ್ಕೆ ಇದು ಬೇಡ.

ಚುಕ್ಕಿಅಮ್ಮ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ. ಸೀಸ್ಟಾರ್ ಪಟ್ಟಿಯಿಂದ ಹೋಯಿತು. ಆದರೆ ಮೋಟಾರು ಇದ್ದರೆ ಹುಡುಕುವ ಕಷ್ಟವೇ ಇಲ್ಲವಲ್ಲ? ವರ್ಚುವೋಸೋ ಬಾಯಿಯೂ 150 ಮಿ.ಮೀ. ಬಳಸಿದವರು ಯಾರಾದರೂ ಇದ್ದೀರಾ?

ರೋಹಿಣಿ ಎಡವಟ್ಟು:

ಇದ್ದೇನೆ ಅಕ್ಕಾ. ನನ್ನದು ಬೇರೆ ಕಂಪನಿಯದು, ಆದರೆ ಮೋಟಾರಿನ ಜಾತಿ ಅದೇ.

ಮೋಟಾರಿನ ದೊಡ್ಡ ಲಾಭ ಹುಡುಕುವುದರಲ್ಲಿ ಇಲ್ಲ, ಹಿಡಿದಿಡುವುದರಲ್ಲಿ ಇದೆ. ಭೂಮಿ ತಿರುಗುತ್ತಲೇ ಇರುತ್ತದಲ್ಲ, ಗಂಟೆಗೆ 15 ಡಿಗ್ರಿ. 65 ಪಟ್ಟಿನಲ್ಲಿ ಶನಿ ಸುಮಾರು ಮೂರು ನಿಮಿಷದಲ್ಲಿ ಈ ಕಡೆಯಿಂದ ಆ ಕಡೆ ದಾಟಿ ಹೋಗುತ್ತದೆ. 130 ಪಟ್ಟಿಗೆ ಏರಿಸಿದರೆ ಅದರ ಅರ್ಧ. ಮನೆಯವರೆಲ್ಲ ಸಾಲಾಗಿ ನಿಂತಾಗ ಮೂರನೆಯವರು ನೋಡುವ ಹೊತ್ತಿಗೆ ಖಾಲಿ. ಮೋಟಾರಿದ್ದರೆ ಶನಿ ನಡುಮಧ್ಯೆ ಕೂತಿರುತ್ತದೆ.

ಆದರೆ ಆಕಾಶ ಗೊತ್ತಿಲ್ಲ ಅಂದಿರಲ್ಲ, ಅಲ್ಲೇ ನಾನು ಬಿದ್ದದ್ದು. ಶುರುವಿನಲ್ಲಿ ಎರಡು ನಕ್ಷತ್ರ ತೋರಿಸಿ ದಿಕ್ಕು ಹೇಳಿಕೊಡಬೇಕು. ಆ್ಯಪ್ 'ಆಲ್ಡಿಬರಾನ್ ತೋರಿಸು' ಅಂದಿತು. ಅಂದರೆ ರೋಹಿಣಿ. ಕೆಂಪು ನಕ್ಷತ್ರ ಅಂತ ಓದಿದ್ದೆ. ಕೆಂಪಗೆ ಕಂಡದ್ದಕ್ಕೆ ಗುರಿಯಿಟ್ಟು ಒತ್ತಿದೆ. ಅದು ಆರ್ದ್ರಾ. ಅದೂ ಕೆಂಪು. ಆಮೇಲೆ ಗುರುಗ್ರಹ ಕೇಳಿದರೆ ಪಕ್ಕದ ಮನೆ ನೀರಿನ ಟ್ಯಾಂಕಿಗೆ ತಿರುಗಿತು. ನಲವತ್ತು ನಿಮಿಷ ಯಂತ್ರವನ್ನೇ ಬೈದೆ. ಈ ಹೆಸರು ಇಟ್ಟುಕೊಂಡದ್ದು ಅದಕ್ಕೇ.

ಇನ್ನೊಂದು ಕಾಟ ವೈಫೈ. ಟೆಲಿಸ್ಕೋಪ್ ತನ್ನದೇ ವೈಫೈ ಬಿಡುತ್ತದೆ, ಅದರಲ್ಲಿ ಇಂಟರ್ನೆಟ್ ಇರಲ್ಲ. 'ಇಂಟರ್ನೆಟ್ ಇಲ್ಲ' ಅಂತ ಫೋನು ತಾನಾಗಿಯೇ ಬಿಟ್ಟು ಮೊಬೈಲ್ ಡೇಟಾಗೆ ಹಾರುತ್ತದೆ. ಮೊಬೈಲ್ ಡೇಟಾ ಆಫ್ ಮಾಡಿ ಕೂತರೆ ಜಗಳ ಇಲ್ಲ. ವರ್ಚುವೋಸೋ ಬಗ್ಗೆ ಒಂದು ಮಾತು: ಅದಕ್ಕೆ ಉದ್ದ ಕಾಲಿಲ್ಲ, ಗಟ್ಟಿ ಸ್ಟೂಲೋ ಮೇಜೋ ಬೇಕು. ಎಂಟು ಪೆನ್ಸಿಲ್ ಸೆಲ್ ಕೇಳುತ್ತದೆ. ಮೋಟಾರಿಗೆ ಸೆಲ್ ಬೇಗ ಖಾಲಿಯಾಗುತ್ತೆ, ಪವರ್ ಕೊಡಲು ಬೇರೆ ವ್ಯವಸ್ಥೆ ಯೋಚಿಸಿ. ಆದರೆ ಕೈಯಿಂದ ತಳ್ಳಿದರೂ ದಿಕ್ಕು ಮರೆಯಲ್ಲ ಅನ್ನುವುದು ಅದರ ಒಳ್ಳೇ ಗುಣ. ನನ್ನದಕ್ಕೆ ಆ ಭಾಗ್ಯ ಇಲ್ಲ.

ಹಳೇ ದುರ್ಬೀನು:

ಎಡವಟ್ಟು ಅವರ ಸಾಲಿನ ಮಾತು ಒಪ್ಪಿದೆ. ನನ್ನದರಲ್ಲಿ ಪ್ರತಿಯೊಬ್ಬರ ನಡುವೆ ನಾನು ಹೋಗಿ ಸ್ವಲ್ಪ ತಳ್ಳಿ ಬರಬೇಕು. ಅಭ್ಯಾಸ ಆಗಿದೆ. ಒಂದು ಎಚ್ಚರಿಕೆ: ತೊಟ್ಟಿಲಲ್ಲಿರುವ ಫೋನಿಗೆ ಕರೆ ಬಂದರೆ ವೈಬ್ರೇಟ್ ಆಗಿ ಶನಿ ನಡುಗುತ್ತಾನೆ. ಅದೊಂದು ದೃಶ್ಯ.

ಚುಕ್ಕಿಅಮ್ಮ:

ಆರು ದಿನ ಆಯಿತು, ವರದಿ ಒಪ್ಪಿಸುತ್ತೇನೆ. ಅಟ್ಟದಿಂದ ಹಳೇದನ್ನು ಇಳಿಸಿದೆವು. ಕಲ್ಲಿನ ಚೀಲ, ಗಿಡ್ಡ ಕಾಲು, 20ರ ಐಪೀಸ್. ಡಬ್ಬದಲ್ಲಿ ಫೋಕಲ್ ಲೆಂತ್ 700 ಅಂತ ಇದೆ, ಅದನ್ನು ಐಪೀಸಿನ 20ರಿಂದ ಭಾಗಿಸಿದರೆ 35 ಪಟ್ಟು ತಾನೇ? ಫೋನಿನ ನಕ್ಷೆ ನೋಡಿ ಶನಿ ಯಾವುದು ಅಂತ ತಿಳಿದುಕೊಂಡೆವು. ಹಿಡಿಯಲು ಅರ್ಧ ಗಂಟೆ ಬೇಕಾಯಿತು. ಮಗಳು ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ 'ಅಮ್ಮಾ, ಚುಕ್ಕಿಗೆ ಕಡ್ಡಿ ಚುಚ್ಚಿದ ಹಾಗಿದೆ' ಅಂದಳು. ಚಿತ್ರದಲ್ಲಿರುವ ಹಾಗೆ ಅಗಲ ಉಂಗುರ ಇಲ್ಲ. ಇದು ನನ್ನ ಟೆಲಿಸ್ಕೋಪಿನ ತಪ್ಪಾ?

ಹಳೇ ದುರ್ಬೀನು:

ಅಲ್ಲ! ಅವಳು ಸರಿಯಾಗಿಯೇ ನೋಡಿದ್ದಾಳೆ. ಲೆಕ್ಕವೂ ಸರಿ, 35 ಪಟ್ಟು. 2025ರ ಮಾರ್ಚ್‌ನಲ್ಲಿ ಉಂಗುರ ನಮ್ಮ ಕಡೆಗೆ ಬರೀ ಅಂಚು ತೋರಿಸಿ ನಿಂತಿತ್ತು. ಅಲ್ಲಿಂದ ನಿಧಾನಕ್ಕೆ ತೆರೆದುಕೊಳ್ಳುತ್ತಿದೆ, ಇನ್ನೂ ತೆಳ್ಳಗಿದೆ. ವರ್ಷ ವರ್ಷ ಅಗಲ ಆಗುತ್ತದೆ. 1610ರಲ್ಲಿ ಗೆಲಿಲಿಯೊ ಮೊದಲ ಸಲ ನೋಡಿದಾಗ ಮೂರು ಗೋಲ ಒಟ್ಟಿಗೆ ಇವೆ ಅಂದುಕೊಂಡಿದ್ದ. 1612ರಲ್ಲಿ ಉಂಗುರ ಹೀಗೇ ಅಂಚಿಗೆ ತಿರುಗಿದಾಗ ಪಕ್ಕದ ಎರಡೂ ಮಾಯವಾಗಿ ಅವನೇ ತಬ್ಬಿಬ್ಬಾದ. ಕಡ್ಡಿ ಅಂತ ಗುರುತಿಸಿದ ನಿಮ್ಮ ಮಗಳು ಅವನಿಗಿಂತ ಮುಂದೆ ಇದ್ದಾಳೆ.

ದಿನಾಂಕ ಹಾಕಿ ಚಿತ್ರ ಬರೆಸಿಡಿ. ಮುಂದಿನ ವರ್ಷ ಮತ್ತೆ ಬರೆಸಿ.

ಚುಕ್ಕಿಅಮ್ಮ:

ಬರೆದಿದ್ದಾಳೆ. ಕಡ್ಡಿಗೆ ಸ್ಕೇಲ್ ಇಟ್ಟು ಗೆರೆ ಎಳೆದಿದ್ದಾಳೆ. ನಾವು ಸ್ಟಾರ್‌ಸೆನ್ಸ್ 130ಕ್ಕೆ ಮನಸ್ಸು ಮಾಡಿದ್ದೇವೆ. ನನ್ನ ಫೋನ್ ಆ್ಯಪ್‌ಗೆ ಹೊಂದುವ ಫೋನ್‌ಗಳ ಪಟ್ಟಿಯಲ್ಲಿ ಇಲ್ಲ, ಇವರದು ಇದೆ. ಇವರಿಗೆ ಇನ್ನೂ ಹೇಳಿಲ್ಲ.

ಹಳೇ ದುರ್ಬೀನು:

ಹೇಳಿಬಿಡಿ, ರಾತ್ರಿ ಪೂರ್ತಿ ಫೋನು ವಾಪಸ್ ಸಿಗಲ್ಲ. ಡಬ್ಬ ಬಂದ ದಿನ ರಾತ್ರಿಗೆ ಕಾಯಬೇಡಿ. ಹಗಲಲ್ಲೇ ದೂರದ ಕಂಬದ ತುದಿಯೋ ಗೋಪುರವೋ ಐಪೀಸಿನ ನಡುವೆ ತಂದು, ಪರದೆಯಲ್ಲೂ ಅದೇ ಜಾಗ ಒತ್ತಿ ಎರಡನ್ನೂ ಹೊಂದಿಸಿಡಿ. ಮಗಳ ಕೈಯಲ್ಲೇ ಮಾಡಿಸಿ, ಆದರೆ ನೀವು ಪಕ್ಕದಲ್ಲಿರಿ. ಸೂರ್ಯನ ಕಡೆಗೆ ಮಾತ್ರ ಅಪ್ಪಿತಪ್ಪಿಯೂ ತಿರುಗಬಾರದು. ಒಂದೇ ಕ್ಷಣದಲ್ಲಿ ಕಣ್ಣು ಹೋಗುತ್ತದೆ.