ಬನಶಂಕರಿಯಿಂದ ಧಾರವಾಡಕ್ಕೆ ವಾಷಿಂಗ್ ಮೆಷಿನ್, ಎಂಟು ಬಾಕ್ಸ್ ಪುಸ್ತಕ: ಕೊರಿಯರಾ, ಲಾರಿ ಪಾರ್ಸೆಲ್ಲಾ?

ಮೂರನೇ ಮಹಡಿ: ಫ್ರಂಟ್ ಲೋಡ್ ಮೆಷಿನ್, 65 ಕೆಜಿ. ಪ್ಯಾಕ್ ಆದ್ಮೇಲೆ 65×62×90 ಸೆಂ.ಮೀ. ಪುಸ್ತಕದ ಬಾಕ್ಸ್ ತಲಾ 22 ಕೆಜಿ, 45×30×30. ಲಿಫ್ಟ್ ಇಲ್ಲ. ಯಾರಿಗೆ ಕೊಡೋದು ವಾಸಿ?

ಗೋಣಿಚೀಲ: ಏರ್ ಕೊರಿಯರ್ ಆಸೆ ಬಿಡಿ. ತಕ್ಕಡಿಯ ತೂಕ ಒಂದು, ಬಿಲ್ಲಿನ ತೂಕ ಇನ್ನೊಂದು. ಮೂರೂ ಅಳತೆ ಗುಣಿಸಿ 5000ದಿಂದ ಭಾಗಿಸ್ತಾರೆ, ನಿಮ್ಮ ಮೆಷಿನ್ 72.5 ಕೆಜಿ ಆಗೋಯ್ತು. ಸರ್ಫೇಸ್‌ನಲ್ಲಿ (ರಸ್ತೆ ಸಾಗಣೆಗೆ) ಕೆಲವರು 4500 ಹಿಡೀತಾರೆ, ಆಗ 80.6. ಮರದ ಕ್ರೇಟ್ ಹೊಡೆಸಿ 75×70×105 ಆಯ್ತು ಅನ್ನಿ, 5000ದ ಲೆಕ್ಕದಲ್ಲೇ 110! ಹಲಗೆಗೂ ದುಡ್ಡು, ಒಳಗಿರೋ ಗಾಳಿಗೂ ಬಾಡಿಗೆ. ಐದು ಪ್ಲೈ ರಟ್ಟು, ಮೂಲೆಗೆ ಥರ್ಮೋಕೋಲ್, ಮೇಲೆ ಗೋಣಿ ಹೊಲಿಸಿ. ಸಾಕು.

ಪೀಣ್ಯ ಡಿಸ್‌ಪ್ಯಾಚ್: ಅರ್ಧ ಲೆಕ್ಕ ಹೇಳಿ ಯಾಕ್ ಸ್ವಾಮಿ ಹೆದರಿಸ್ತೀರಾ? ಪುಸ್ತಕದ್ದು ಉಲ್ಟಾ: ಅಳತೆ ಪ್ರಕಾರ ಬಾಕ್ಸಿಗೆ 8.1, ತಕ್ಕಡೀಲಿ 22. ಎಲ್ಲಾ ಒಂದೇ ಡಾಕೆಟ್‌ಗೆ (ಬುಕಿಂಗ್ ರಸೀದಿಗೆ) ಹಾಕಿಸಿದ್ರೆ ನಿಜ ತೂಕ 241, ಕ್ರೇಟ್ ಸಮೇತ ಅಳತೆ ತೂಕ 175. ಹೆಚ್ಚಿರೋದಕ್ಕೆ ಬಿಲ್, ಅಂದ್ರೆ 241 ಪ್ಲಸ್ ಹಲಗೆಯ ತೂಕ, ಅಷ್ಟೇ. ಬೇರೆ ಬೇರೆ ಬುಕ್ ಮಾಡಿದ್ರೆ 110 ಪ್ಲಸ್ 176, 286. ಕೇಳಬೇಕಾದ್ದು ಒಂದೇ: ತೂಕ ಡಾಕೆಟ್‌ಗೆ ನೋಡ್ತೀರಾ, ಪೀಸಿಗೆ ನೋಡ್ತೀರಾ?

ಹಮಾಲಿ ಲೆಕ್ಕ: ಕೆಜಿ ರೇಟ್ ಹಿಡ್ಕೊಂಡು ಕುಣೀತಿದೀರ. ಡಾಕೆಟ್ ಚಾರ್ಜು, ಎರಡೂ ಕಡೆ ಹಮಾಲಿ, ಡೋರ್ ಡೆಲಿವರಿ, ಜಿಎಸ್‌ಟಿ ಯಾರು ಕೂಡಿಸ್ತಾರೆ? ಕಲಾಸಿಪಾಳ್ಯದ ಗೋಡೌನ್‌ವರೆಗೆ ಟೆಂಪೋ ಬೇರೆ. ಡೋರ್ ಅಂದ್ರೆ ಗೇಟು, ಮಹಡಿ ಅಲ್ಲ. ಒಂಬತ್ತು ಪೀಸಲ್ಲಿ ಒಂದು ಹಿಂದುಳಿದ್ರೆ ಪೂರ್ತಿ ಡಾಕೆಟ್ ಗೋಡೌನಲ್ಲಿ ಕೂರುತ್ತೆ, ಡೆಮರೇಜ್ (ತಡವಾಗಿ ಬಿಡಿಸ್ಕೊಂಡಿದ್ದಕ್ಕೆ ಗೋಡೌನ್ ಶುಲ್ಕ) ಓಡುತ್ತೆ. ಪ್ರತಿ ಬಾಕ್ಸಿಗೂ 1/9, 2/9 ಅಂತ ಮಾರ್ಕರಲ್ಲಿ ಎರಡು ಮೈಗೆ ಬರೀರಿ.

ಪೀಣ್ಯ ಡಿಸ್‌ಪ್ಯಾಚ್: ಬಂದಷ್ಟು ಪೀಸಿಗೆ ಸಹಿ ಹಾಕಿ, 'ಒಂದು ಕಮ್ಮಿ' ಅಂತ ಬರೆದು ತಗೊಂಡ್ರೆ ಯಾವ ಡೆಮರೇಜೂ ಇಲ್ಲ. ಗೊತ್ತಿಲ್ದೆ ಮಾತಾಡ್ಬೇಡಿ.

ಹಮಾಲಿ ಲೆಕ್ಕ: ಪೀಣ್ಯದಲ್ಲಿ ಕೂತು ಹೇಳೋದು ಸುಲಭ. ಗೋಡೌನ್ ಗುಮಾಸ್ತ ಹಾಗೆ ಬರೆಯೋಕೆ ಬಿಡ್ಬೇಕಲ್ಲ.

ರಸೀದಿ ಹಿಂಭಾಗ: ಇಬ್ಬರೂ ರಿಸ್ಕ್ ಬಿಟ್ರಿ. 'ಓನರ್ಸ್ ರಿಸ್ಕ್' (ಹಾಳಾದ್ರೆ ಹೊಣೆ ಸಾಮಾನಿನ ಮಾಲೀಕರದ್ದೇ) ಸೀಲ್ ಹೊಡೆಸ್ಕೊಂಡು ಬಂದು ಆಮೇಲೆ ಅಳೋದಲ್ಲ. 2007ರ ಕ್ಯಾರೇಜ್ ಬೈ ರೋಡ್ ಕಾಯ್ದೆ, ಅದರ ನಿಯಮಗಳ ಪ್ರಕಾರ, ಹೆಚ್ಚಿನ ರಿಸ್ಕ್ ದರ ಕಟ್ಟದಿದ್ರೆ ಪರಿಹಾರಕ್ಕೆ ಮಿತಿ ಬಾಡಿಗೆಯ ಹತ್ತು ಪಟ್ಟು, ಅದೂ ಘೋಷಿಸಿದ ಬೆಲೆ ಮೀರೋ ಹಾಗಿಲ್ಲ. ಬಾಡಿಗೆ ₹1,800 ಆದ್ರೆ ₹18,000ಕ್ಕೆ ನಿಂತಿತು. ಬುಕ್ ಮಾಡಿದ 180 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು, ಫೋನಲ್ಲಿ ಬೈದದ್ದು ಲೆಕ್ಕಕ್ಕಿಲ್ಲ. ರಸೀದೀಲಿ 'ಬಳಸಿದ ಮನೆ ಸಾಮಾನು, ಮಾರಾಟಕ್ಕಲ್ಲ' ಅಂತಲೂ ಬರೆಸಿ. ಅದಕ್ಕೆ ಇ-ವೇ ಬಿಲ್ (ಸರಕು ಸಾಗಣೆಯ ಜಿಎಸ್‌ಟಿ ದಾಖಲೆ) ಬೇಕಿಲ್ಲ.

ಗೋಣಿಚೀಲ: ಪುಸ್ತಕ ಸ್ಪೀಡ್ ಪೋಸ್ಟಲ್ಲೂ ಹೋಗುತ್ತೆ, ಪಾರ್ಸೆಲ್ಲಿಗೆ 35 ಕೆಜಿವರೆಗೆ.

ಹಮಾಲಿ ಲೆಕ್ಕ: 176 ಕೆಜಿ ಪೋಸ್ಟಲ್ಲಾ? ಬಿಲ್ ನೋಡಿದ್ಮೇಲೆ ಪುಸ್ತಕ ಓದೋ ಮನಸ್ಸೇ ಇರಲ್ಲ.

ಸ್ಪ್ಯಾನರ್: ಜಗಳ ಆಮೇಲೆ ಆಡಿ. ಫ್ರಂಟ್ ಲೋಡ್ ಡ್ರಮ್ ಸ್ಪ್ರಿಂಗ್, ಕುಲುಕು ತಡೆಯೋ ಡ್ಯಾಂಪರ್ ಮೇಲೆ ತೂಗ್ತಿರುತ್ತೆ. ಹಿಂಬದಿಗೆ ಟ್ರಾನ್ಸಿಟ್ ಬೋಲ್ಟ್ (ಸಾಗಿಸುವಾಗ ಡ್ರಮ್ ಅಲುಗದಂತೆ ಹಿಡಿಯೋದು) ಬಿಗಿಯದೆ ಲಾರಿಗೆ ಹಾಕಿದ್ರೆ ಡ್ರಮ್ ಕುಲುಕಿ ಕುಲುಕಿ ಡ್ಯಾಂಪರ್ ಕಿತ್ತು ಬರುತ್ತೆ. ಹೊರಗೆ ಒಂದು ಗೀರೂ ಇರಲ್ಲ, ಕ್ಲೇಮ್ ಹೇಗೆ ಮಾಡ್ತೀರಾ? ಇನ್ನೊಂದು, ಕೆಳಗಿನ ಫಿಲ್ಟರ್ ಮುಚ್ಚಳ ತಿರುಗಿಸಿ, ತಟ್ಟೆ ಹಿಡಿದು, ನಿಂತ ನೀರು ಪೂರ್ತಿ ಇಳಿಸಿ. ಪೈಪನ್ನೂ ಬಗ್ಗಿಸಿ ಖಾಲಿ ಮಾಡಿ. ಇಲ್ದಿದ್ರೆ ತುಮಕೂರು ದಾಟೋಷ್ಟರಲ್ಲಿ ಪಕ್ಕದ ಪುಸ್ತಕದ ರಟ್ಟು ನೆಂದಿರುತ್ತೆ.

ಗೋಣಿಚೀಲ: ಬೋಲ್ಟ್ ಯಾರ ಮನೇಲಿ ಉಳಿದಿರುತ್ತೆ ಸಾರ್? ಡ್ರಮ್ ಸುತ್ತ ಬೆಡ್‌ಶೀಟ್ ತುರುಕಿದ್ರೆ ಆಯ್ತು.

ಸ್ಪ್ಯಾನರ್: ಬೆಡ್‌ಶೀಟ್ ಬಾಗಿಲ ಸಂದಿ ತುಂಬುತ್ತೆ, ಡ್ರಮ್ಮಿನ ತೂಕ ಹಿಡಿಯಲ್ಲ. ಮಾಡೆಲ್ ನಂಬರ್ ಹೇಳಿದ್ರೆ ಸರ್ವಿಸ್ ಸೆಂಟರಲ್ಲಿ ಬೋಲ್ಟ್ ತರಿಸ್ಕೊಡ್ತಾರೆ.

ಮೂರನೇ ಮಹಡಿ: ಅಟ್ಟದ ಮೇಲೆ ಸಿಕ್ತು. ತೂತು ನಾಲ್ಕಿದೆ, ಬೋಲ್ಟ್ ಮೂರೇ.

ಸ್ಪ್ಯಾನರ್: ನಾಲ್ಕನೇದು ಬರೋವರೆಗೆ ಟೆಂಪೋ ಕರೀಬೇಡಿ.