ಹಗುರ .38 ರಿವಾಲ್ವರ್: ನಾಲ್ಕು ಹೊಡೆದ ಮೇಲೆ ಸಿಲಿಂಡರ್ ಜಾಮ್, ಗುಂಡೆಲ್ಲ ಕೆಳಗೆ ಎಡಕ್ಕೆ

ಡಲ್ಲಾಸ್‌ಕನ್ನಡತಿ:
ಗ್ರೀನ್ ಕಾರ್ಡ್ ಬಂದಮೇಲೆ ತಗೊಂಡ ಮೊದಲ ಗನ್. ಐದು ಗುಂಡಿನ ರಿವಾಲ್ವರ್, .38 ಸ್ಪೆಷಲ್ ಅನ್ನೋ ಅಳತೆಯ ತೋಟೆ, ಎರಡಿಂಚು ನಳಿಗೆ, ಅಲ್ಯೂಮಿನಿಯಂ ಫ್ರೇಮ್, ತೂಕ 415 ಗ್ರಾಂ. "ಹೆಂಗಸರಿಗೆ ಇದೇ ಸರಿ, ಪರ್ಸಲ್ಲಿ ಇದ್ದದ್ದೇ ಗೊತ್ತಾಗಲ್ಲ" ಅಂತ ಅಂಗಡಿಯವ ಗುಲಾಬಿ ಬಣ್ಣದ ಹಿಡಿ ಇರೋದನ್ನೇ ಕೈಗಿಟ್ಟ. ರೇಂಜಲ್ಲಿ ನಾಲ್ಕು ಹೊಡೆಯೋವರೆಗೆ ಸರಿ, ಐದನೆಯದಕ್ಕೆ ತೋಟೆ ಕೂರೋ ಸಿಲಿಂಡರ್ ತಿರುಗೋದೇ ಇಲ್ಲ. ಹೆಬ್ಬೆರಳ ಸಂದು ಕೆಂಪಗೆ ಊದಿದೆ. ಗುರಿಯಂತೂ ಕೇಳಲೇಬೇಡಿ, ಏಳು ಗಜದಲ್ಲಿ ಎಲ್ಲಾ ಕೆಳಗೆ ಎಡಕ್ಕೆ. ಗನ್ನೇ ಕೆಟ್ಟದ್ದಾ?

ಕೋವಿಮನೆ:
ಮೊದಲು ಇದು ಹೇಳಿ: ನಾಲ್ಕನೆಯದರ ಸದ್ದು ಉಳಿದವುಗಳಷ್ಟೇ ಜೋರಾಗಿತ್ತಾ? ಬರೀ 'ಟಪ್' ಅಂದಿದ್ದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಹಾಗಿದ್ದರೆ ಇನ್ನೊಮ್ಮೆ ಟ್ರಿಗರ್ ಎಳೆಯೋದು ಪ್ರಾಣಕ್ಕೇ ಕುತ್ತು. ಇನ್ನು ಮುಂದೆ ಜಾಮ್ ಆದಾಗ ನಳಿಗೆ ಗುರಿಯ ಕಡೆಗೇ ಇರಲಿ, ಬಲವಂತ ಮಾಡಬೇಡಿ, ರೇಂಜ್ ಆಫೀಸರನ್ನು ಕರೀರಿ. ಯಾವ ತೋಟೆ ಹಾಕಿದ್ರಿ?

ಡಲ್ಲಾಸ್‌ಕನ್ನಡತಿ:
ಸದ್ದು ಜೋರಾಗೇ ಇತ್ತು. ತೋಟೆ ಗೆಳತಿಯ ಗಂಡ ಮನೆಯಲ್ಲೇ ತುಂಬಿಸಿದ್ದು, ಗುಂಡಿನ ತೂಕ 158 ಗ್ರೇನ್ (ಸುಮಾರು 10 ಗ್ರಾಂ), ಬರೀ ಸೀಸದ್ದು.

ಕೋವಿಮನೆ:
ಅಲ್ಲೇ ಇದೆ ನೋಡಿ ಕಥೆ. ಹೊಡೆದಾಗ ಗನ್ನು ಹಿಂದಕ್ಕೆ ಚಿಮ್ಮುತ್ತೆ. ಒಳಗೆ ಕೂತಿರೋ ಉಳಿದ ತೋಟೆಗಳ ಕೇಸನ್ನೂ (ಮದ್ದು, ಗುಂಡು ಹಿಡಿದಿರೋ ಲೋಹದ ಕೊಳವೆ) ಜೊತೆಗೇ ಎಳೆದೊಯ್ಯುತ್ತೆ. ಗುಂಡು ಮಾತ್ರ ತನ್ನ ಜಡತ್ವದಿಂದ ಇದ್ದಲ್ಲೇ ಉಳಿಯೋಕೆ ನೋಡುತ್ತೆ. ಕೇಸಿನ ಬಾಯಿ ಬಿಗಿಯಾಗಿ ಅದುಮಿರದಿದ್ದರೆ ಪ್ರತಿ ಹೊಡೆತಕ್ಕೂ ಗುಂಡು ಒಂಚೂರು ಮುಂದೆ ಜಾರುತ್ತೆ. ಕೊನೆಗೆ ಸಿಲಿಂಡರಿನ ಮುಂಬದಿಯಿಂದ ಮೂಗು ಹೊರಗಿಟ್ಟು ಫ್ರೇಮಿಗೆ ತಗುಲಿತು ಅಂದ್ರೆ ಸಿಲಿಂಡರ್ ನಿಂತಿತು. ಒಂದು ಕೆಜಿಯ ಸ್ಟೀಲ್ ರಿವಾಲ್ವರಲ್ಲಿ ಇದೇ ತೋಟೆ ತೊಂದರೆ ಕೊಡದೇ ಇರಬಹುದು. ಗನ್ ಹಗುರವಾದಷ್ಟೂ ಎಳೆತ ಜಾಸ್ತಿ.

ಪರೀಕ್ಷೆ ಸುಲಭ. ರೇಂಜಲ್ಲೇ ಐದು ತುಂಬಿ, ಮೂರು ಹೊಡೆದು, ಉಳಿದೆರಡನ್ನು ಹೊರಗೆ ತೆಗೆದು ಹೊಸ ತೋಟೆಯ ಪಕ್ಕ ಕ್ಯಾಲಿಪರಲ್ಲಿ ಅಳೆಯಿರಿ. .38 ಸ್ಪೆಷಲ್ ತೋಟೆಯ ಗರಿಷ್ಠ ಉದ್ದ 39.37 ಮಿ.ಮೀ. ಉದ್ದ ಬೆಳೆದಿರೋ ತೋಟೆಯನ್ನು ವಾಪಸ್ ಹಾಕಬೇಡಿ.

ಸ್ಟೀಲ್‌ಪ್ರೇಮಿ:
ನನ್ನದು ಬೇರೆ ಅನುಮಾನ. ಎಜೆಕ್ಟರ್ ನಕ್ಷತ್ರದ (ಖಾಲಿ ಕೇಸುಗಳನ್ನು ಹೊರಗೆ ದಬ್ಬೋ ನಕ್ಷತ್ರಾಕಾರದ ಭಾಗ) ಕೆಳಗೆ ಸುಡದ ಮದ್ದಿನ ಕಾಳು ಸಿಕ್ಕಿದರೂ ಹೀಗೇ ಬಿಗಿಯಾಗುತ್ತೆ. ಖಾಲಿ ಕೇಸ್ ಬೀಳಿಸುವಾಗ ನಳಿಗೆ ನೇರ ಮೇಲಕ್ಕಿರಲಿ, ಕಾಳು ಒಳಗೆ ಕೂರಲ್ಲ. ಎಜೆಕ್ಟರ್ ಕಡ್ಡಿ ಸಡಿಲಾಗಿದೆಯಾ ಅಂತಲೂ ನೋಡಿ. ಕೆಲವು ಗನ್ನಲ್ಲಿ ಅದರ ಮರೆ ಉಲ್ಟಾ, ಎಡಕ್ಕೆ ತಿರುಗಿಸಿದರೇ ಬಿಗಿಯಾಗೋದು, ಬಿಗಿ ಮಾಡ್ತೀನಿ ಅಂತ ಬಿಚ್ಚಿಬಿಡ್ತಾರೆ.

ಡಲ್ಲಾಸ್‌ಕನ್ನಡತಿ:
ಕಡ್ಡಿ ಬಿಗಿಯಾಗೇ ಇದೆ, ನಕ್ಷತ್ರದ ಕೆಳಗೂ ಕ್ಲೀನ್. ಅಳೆದೆ. ಹೊಸದು 38.9. ಉಳಿಸಿದ್ದರಲ್ಲಿ ಒಂದು 40ರ ಹತ್ತಿರ, ಇನ್ನೊಂದು 41 ದಾಟಿದೆ! ಉಗುರಲ್ಲಿ ಮುಟ್ಟಿದರೇ ಗುಂಡು ಅಲ್ಲಾಡ್ತಿದೆ.

ಕೋವಿಮನೆ:
ಆ ಡಬ್ಬ ಅವರಿಗೇ ವಾಪಸ್ ಕೊಡಿ. ಕಾರ್ಖಾನೆಯ 148 ಗ್ರೇನ್ ವಾಡ್‌ಕಟರ್ (ಚಪ್ಪಟೆ ಮೂತಿಯ ಗುಂಡಿನ ತೋಟೆ) ತಗೊಳ್ಳಿ, ಮೆದು ಹೊಡೆತ, ಕೈಗೂ ಹಿತ. ಹಿಡಿಯನ್ನೂ ಬದಲಿಸಿ. ಫ್ರೇಮಿನ ಬೆನ್ನನ್ನು ಪೂರ್ತಿ ಮುಚ್ಚಿ, ಕಿರುಬೆರಳಿಗೂ ಜಾಗ ಕೊಡೋ ರಬ್ಬರ್ ಹಿಡಿ ಬೇಕು. ನಿಮ್ಮದರಲ್ಲಿ ಬರೀ ಲೋಹ ಅಂಗೈಗೆ ಗುದ್ದುತ್ತಿದೆ.

ಕೆಳಗೆ ಎಡಕ್ಕೆ ಹೋಗೋದು ಗನ್ನಿನ ತಪ್ಪಲ್ಲ. ಇಂಥವುಗಳ ಟ್ರಿಗರ್ ಎಳೆಯೋಕೆ ಹೆಚ್ಚುಕಡಿಮೆ ಐದೂವರೆ ಕೆಜಿ ಬಲ ಬೇಕು, ಗನ್ನಿನ ತೂಕ ಅರ್ಧ ಕೆಜಿಯೂ ಇಲ್ಲ. ಎಳೆಯುವಾಗ ಇಡೀ ಗನ್ನೇ ವಾಲುತ್ತೆ. ಜೊತೆಗೆ ಒದೆತಕ್ಕೆ ಹೆದರಿ ಮೊದಲೇ ಕೈ ಕೆಳಗೆ ಒತ್ತುತ್ತೀರಿ. ಗೆಳತಿ ಕೈಯಲ್ಲಿ ತುಂಬಿಸಿ, ಐದರಲ್ಲಿ ಎರಡು ಖಾಲಿ ಕೇಸ್, ಎಲ್ಲಿವೆ ಅಂತ ನಿಮಗೆ ಗೊತ್ತಿರಬಾರದು. ಖಾಲಿ ಬಂದಾಗ ನಳಿಗೆ ಮುಗ್ಗರಿಸೋದು ಕಣ್ಣಿಗೇ ಕಾಣುತ್ತೆ. ಇನ್ನು ಎರಡನೇ ಕೈಯ ಬೆರಳು ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿನ ಹತ್ತಿರ ಹೋಗಲೇಬಾರದು. ಅಲ್ಲಿಂದ ಬರೋ ಬಿಸಿ ಗ್ಯಾಸ್ ಚರ್ಮ ಸೀಳುತ್ತೆ.

ಎಚ್1ಬಿ_ರಾಯ:
ನಾನೂ ಹೆಂಡತಿಗೆ ಒಂದು ತೆಗೆಸಿಕೊಡಬೇಕು ಅಂತಿದ್ದೆ.

ಸ್ಟೀಲ್‌ಪ್ರೇಮಿ:
ಎಚ್-1ಬಿ ಕೆಲಸದ ವೀಸಾ, ಅವರ ಸಂಗಾತಿಗಿರೋ ಎಚ್-4 ವೀಸಾದಲ್ಲಿರೋರು ಗನ್ ಇಟ್ಟುಕೊಳ್ಳೋದು ಇಲ್ಲಿನ ಫೆಡರಲ್ ಕಾನೂನಲ್ಲಿ ಅಪರಾಧ. ಬೇಟೆ ಲೈಸೆನ್ಸ್ ಥರದ ಕೆಲವೇ ವಿನಾಯಿತಿ ಇವೆ. ವಕೀಲರನ್ನು ಕೇಳದೆ ಅಂಗಡಿ ಮೆಟ್ಟಿಲೂ ಹತ್ತಬೇಡಿ.

ಮೈಸೂರ್‌ಮಲ್ಲಿಗೆ77:
ನಮ್ಮಲ್ಲೂ 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಂಗಸರಿಗಂತಲೇ 'ನಿರ್ಭೀಕ್' ಬಿಟ್ಟಿತು. ಟೈಟಾನಿಯಂ ಮಿಶ್ರಲೋಹ, 500 ಗ್ರಾಂ, ಆಗಿನ ಬೆಲೆ 1.22 ಲಕ್ಷ. ಅದಕ್ಕೂ ಇದೇ ಗೋಳಾ?

ಕೋವಿಮನೆ:
ಇಷ್ಟಿರಲ್ಲ. ಅದು .32, ಒದೆತ ತೀರಾ ಮೆದು. ಹಗುರ ಗನ್ನಿಗೆ ಹಗುರ ತೋಟೆ, ಲೆಕ್ಕ ಸರಿ. ಬೆಲೆ ಮಾತ್ರ ಯಾವ ಲೆಕ್ಕಕ್ಕೂ ಸಿಗಲ್ಲ. ಇಲ್ಲಿ ಸ್ಮಿತ್ ಅಂಡ್ ವೆಸನ್ 1902ರಲ್ಲಿ ಮೊದಲ 'ಲೇಡಿಸ್ಮಿತ್' ಮಾಡಿದಾಗ ಅದು ಏಳು ಗುಂಡಿನ .22. ಅದೇ ಹೆಸರು 1989ರಲ್ಲಿ ವಾಪಸ್ ಬಂದಾಗ .38 ಆಗಿತ್ತು, ಆದರೂ ಸ್ಟೀಲ್ ಫ್ರೇಮು. ಹಗುರವೇ ಹೆಂಗಸರಿಗೆ ಒಳ್ಳೇದು ಅನ್ನೋ ಮಾತು ಶೋಕೇಸಿನ ಮುಂದೆ ಮಾತ್ರ ಚೆನ್ನ, ಮಣಿಕಟ್ಟಿಗಲ್ಲ. ಕನ್ನಡತಿ, ವಾಡ್‌ಕಟರಲ್ಲೂ ಕೈ ನೋವು ಹೋಗದಿದ್ದರೆ ಇದನ್ನು ಮಾರಿ, ಆರು ಗುಂಡಿನ .32 ಒಂದನ್ನು ರೇಂಜಲ್ಲಿ ಬಾಡಿಗೆಗೆ ಹಿಡಿದು ನೋಡಿ.