ಸತ್ತ ಇಲಿಯನ್ನು ಹಿಡಿದು, ಸುತ್ತಿ, ತಿನ್ನದೆ ಬಿಡುವ ಬಾಲ್ ಪೈಥಾನ್: ಪ್ರಶ್ನೋತ್ತರ

ಸದಸ್ಯರ ಪ್ರಶ್ನೆ (ಸರಸ್ವತೀಪುರಂ, ಮೈಸೂರು): ಡಾಕ್ಟರೇ, ನಮ್ಮ ಆಫ್ರಿಕನ್ ಹೆಬ್ಬಾವು, ಅಂದರೆ ಬಾಲ್ ಪೈಥಾನ್‌ಗೆ ಮೂರು ವರ್ಷ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿಯೂ ಆಗಿದೆ. ಹಿಂದೆ ಸಾಕಿದವರು ಜೀವಂತ ಇಲಿ ಹಾಕುತ್ತಿದ್ದರಂತೆ. ನಾನು ಫ್ರೀಜರ್‌ನಲ್ಲಿಟ್ಟ ಸತ್ತ ಬಿಳಿ ಇಲಿಯನ್ನು ಕರಗಿಸಿ ಕೊಡುತ್ತಿದ್ದೇನೆ. ಕಳೆದ ಮೂರು ಸಲವೂ ಅದು ಇಲಿಯನ್ನು ಕಚ್ಚಿ ಸುತ್ತಿಕೊಂಡಿತು, ಸ್ವಲ್ಪ ಹೊತ್ತಿನಲ್ಲೇ ಹಿಡಿತ ಸಡಿಲಿಸಿ ಹಾಗೆಯೇ ಬಿಟ್ಟು ಹೋಯಿತು. ಜೀವವಿಲ್ಲದ್ದನ್ನು ತಿನ್ನುವುದು ಅದರ ಸ್ವಭಾವಕ್ಕೆ ಒಗ್ಗದೇ?

ಪಶುವೈದ್ಯರ ಉತ್ತರ: ಖಂಡಿತ ಒಗ್ಗುತ್ತದೆ. ಸತ್ತ ಪ್ರಾಣಿಯನ್ನು ಹಾವುಗಳು ಕಾಡಿನಲ್ಲಿಯೂ ತಿನ್ನುವುದುಂಟು. ಜೀವಂತ ಇಲಿ ಹಾವಿನ ಕಣ್ಣು, ಬಾಯಿಗಳನ್ನು ಕಚ್ಚಿ ಆಳವಾದ ಗಾಯ ಮಾಡಬಲ್ಲದಾದ್ದರಿಂದ, ನೀವು ಹಿಡಿದಿರುವ ದಾರಿಯೇ ಸರಿ. ದಯವಿಟ್ಟು ಹಳೆಯ ಕ್ರಮಕ್ಕೆ ಮರಳಬೇಡಿ.

ಈ ಹಾವು ಬೇಟೆಯನ್ನು ಗುರುತಿಸುವುದು ಮೇಲ್ದುಟಿಯ ಗುಳಿಗಳಿಗೆ ತಟ್ಟುವ ಶಾಖದಿಂದ, ನಾಲಿಗೆ ಹೆಕ್ಕಿ ತರುವ ವಾಸನೆಯಿಂದ ಮತ್ತು ಚಲನೆಯಿಂದ. ಇಕ್ಕಳದಲ್ಲಿ ಇಲಿಯನ್ನು ಅಲುಗಿಸಿದಾಗ ಅದು ಎರಗುವುದು ಇದೇ ಕಾರಣಕ್ಕೆ. ಸುತ್ತಿದ ಮೇಲೆ ಇನ್ನೊಂದು ಸೂಚನೆ ಸೇರಿಕೊಳ್ಳುತ್ತದೆ. 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸತ್ತ ಇಲಿಗಳನ್ನು ಬೆಚ್ಚಗೆ ಮಾಡಿ, ಒಳಗೆ ಮಿಡಿಯುವ ಕೃತಕ ಹೃದಯವಿಟ್ಟು ಬೋವಾ ಹಾವುಗಳಿಗೆ ಕೊಟ್ಟಿದ್ದರು; ಮಿಡಿತವಿದ್ದಾಗ ಅವು ಹೆಚ್ಚು ಹೊತ್ತು, ಹೆಚ್ಚು ಬಲವಾಗಿ ಹಿಸುಕಿದವು, ಮಿಡಿತವಿಲ್ಲದಿದ್ದಾಗ ಬೇಗನೆ ಸಡಿಲಿಸಿದವು. ಬೋವಾಗಳ ಕುಲ ಬೇರೆ, ಹೆಬ್ಬಾವುಗಳ ಕುಲ ಬೇರೆಯಾದರೂ ನಿಮ್ಮ ಹಾವು ಬೇಗ ಹಿಡಿತ ಬಿಡುವುದನ್ನು ನಾನು ಹೀಗೆಯೇ ಅರ್ಥಮಾಡಿಕೊಳ್ಳುತ್ತೇನೆ. ಅದು ತಿರಸ್ಕಾರವಲ್ಲ. ಆಮೇಲೆ ಅದು ಇಲಿಯ ತಲೆಯನ್ನು ಹುಡುಕುತ್ತದೆ. ಆ ಹೊತ್ತಿಗೆ ಇಲಿ ತಣ್ಣಗಾಗಿದ್ದರೆ, ಅಥವಾ ಎದುರಿಗೆ ದೀಪವೋ ಮೊಬೈಲೋ ಕಂಡರೆ, ಬಿಟ್ಟು ಹೋಗುತ್ತದೆ.

ಆದ್ದರಿಂದ ಇಲಿಯನ್ನು ಹಿಂದಿನ ರಾತ್ರಿ ಫ್ರಿಜ್‌ನಲ್ಲಿ ಕರಗಲು ಇಡಿ. ಕೊಡುವ ಮುನ್ನ ಕವರಿನಲ್ಲಿ ಕಟ್ಟಿ ಬಿಸಿನೀರಿನಲ್ಲಿಟ್ಟು, ಮೈ 38ರಿಂದ 40 ಡಿಗ್ರಿಗೆ ಬರುವಂತೆ ಮಾಡಿ. ಹೊಟ್ಟೆಯನ್ನು ಒತ್ತಿ ನೋಡಿದರೆ ಒಳಗೆ ಇನ್ನೂ ಗಟ್ಟಿಯಿದೆಯೇ ಎಂದು ತಿಳಿಯುತ್ತದೆ. ಮೈಕ್ರೋವೇವ್ ಬೇಡವೇ ಬೇಡ. ಹಾವು ಎರಗಿ ಸುತ್ತಿದ ಮೇಲೆ ಇಕ್ಕಳದಿಂದ ಒಂದೆರಡು ಸಲ ಮೆಲ್ಲಗೆ ಎಳೆಯಿರಿ, ಜೀವವಿದ್ದಂತೆ ಅದಕ್ಕೆ ತೋರಲಿ. ನಂತರ ದೀಪ ಆರಿಸಿ, ಹಾವಿರುವ ತೊಟ್ಟಿಗೆ ಬಟ್ಟೆ ಮುಚ್ಚಿ, ಕೋಣೆಯಿಂದ ಹೊರಗೆ ಬನ್ನಿ. ಬೆಳಿಗ್ಗೆಯೂ ಉಳಿದಿದ್ದರೆ ಎಸೆಯಿರಿ, ಮತ್ತೆ ಫ್ರೀಜರ್‌ಗೆ ಇಡಬೇಡಿ. ತಿಂದಿದ್ದರೆ ಎರಡು ದಿನ ಕೈಗೆತ್ತಿಕೊಳ್ಳಬೇಡಿ.

ಅದೇ ಸದಸ್ಯರು: ಧನ್ಯವಾದ. ಡಿಸೆಂಬರ್‌ನಿಂದ ಅದು ಎರಗುವುದೇ ಕಡಿಮೆಯಾಗಿದೆ. ಎಷ್ಟು ದಿನ ಕಾಯಬಹುದು?

ಪಶುವೈದ್ಯರ ಉತ್ತರ: ಮೊದಲು ತೊಟ್ಟಿಯ ತಾಪಮಾನ ನೋಡಿ. ಇದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು. ಮೈಸೂರಿನ ಚಳಿಗಾಲದ ರಾತ್ರಿ ಅದಕ್ಕೆ ಹೆಚ್ಚೇ ತಣ್ಣಗೆ. ಬೆಚ್ಚನೆಯ ಬದಿ 32 ಡಿಗ್ರಿಯ ಆಸುಪಾಸು, ತಂಪಿನ ಬದಿ 26ರ ಆಸುಪಾಸು ಇರಲಿ, ಹೀಟರ್‌ಗೆ ಥರ್ಮೋಸ್ಟಾಟ್ ಇರಲೇಬೇಕು. ಕಣ್ಣು ಮಸುಕಾಗಿ ಪೊರೆ ಬಿಡುವ ಸಮಯವಾದರೆ ಆಹಾರ ಕೊಡದೆ ಕಾಯಿರಿ. ಆರೋಗ್ಯವಾಗಿರುವ ಬಾಲ್ ಪೈಥಾನ್ ತಿಂಗಳುಗಟ್ಟಲೆ ಉಪವಾಸವಿದ್ದರೂ ಗಾಬರಿ ಬೇಕಿಲ್ಲ, ಆದರೆ ವಾರಕ್ಕೊಮ್ಮೆ ತೂಕ ಬರೆದಿಡಿ. ಶೇಕಡಾ 10ರಷ್ಟು ಇಳಿದರೆ, ಬಾಯಿ ತೆರೆದು ಉಸಿರಾಡಿದರೆ, ತಡಮಾಡದೆ ಪರೀಕ್ಷೆಗೆ ತನ್ನಿ.

ಇನ್ನೊಬ್ಬ ಸದಸ್ಯರು (ಮಂಡ್ಯ): ನಮ್ಮ ಕಬ್ಬಿನ ಗದ್ದೆಯಲ್ಲಿ ಸತ್ತು ಬಿದ್ದ ಇಲಿಗಳಿಗೆ ಬರವಿಲ್ಲ. ಅವುಗಳನ್ನೇ ಕೊಡಬಹುದಲ್ಲವೇ?

ಪಶುವೈದ್ಯರ ಉತ್ತರ: ದಯವಿಟ್ಟು ಕೊಡಬೇಡಿ. ಗದ್ದೆಯಲ್ಲಿ ಸತ್ತು ಬಿದ್ದ ಇಲಿ ಜಿಂಕ್ ಫಾಸ್ಫೈಡ್ ಅಥವಾ ಬ್ರೋಮಡಯೋಲೋನ್ ತಿಂದು ಸತ್ತಿರಬಹುದು. ಆ ವಿಷ ಹಾವಿನ ಹೊಟ್ಟೆಗೂ ಹೋಗುತ್ತದೆ. ಬೋನಿಗೆ ಬಿದ್ದ ಇಲಿಯೂ ಬೇಡ, ಅದರಲ್ಲಿ ಜಂತುಗಳಿರುತ್ತವೆ, ಅದನ್ನು ಮುಟ್ಟಿದ ನಿಮಗೂ ಇಲಿಜ್ವರ ತಗಲಬಹುದು. ಸಾಕಿ ಬೆಳೆಸಿದ ಇಲಿಯನ್ನೇ ಕೊಡಿ, ಅದರ ದಪ್ಪ ಹಾವಿನ ನಡುಮೈಯ ದಪ್ಪವನ್ನು ಮೀರದಿರಲಿ. ನೀವು ಸಾಕುತ್ತಿರುವುದು ಯಾವ ಹಾವೆಂದು ಬರೆದಿಲ್ಲ. ಗದ್ದೆಯಿಂದ ತಂದ ಕೇರೆಯಾಗಿದ್ದರೆ ಆಹಾರದ ಮಾತು ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಅರಣ್ಯ ಇಲಾಖೆಗೆ ಇಂದೇ ತಿಳಿಸಿ.